ಪಟ್ಟಿಯಲ್ಲಿದ್ದ ಫೈಲ್ ಸಿಗದಿದ್ದರೆ ಜಿಪ್ ನಿಲ್ಲಬೇಕೋ, ಮುಂದೆ ಹೋಗಬೇಕೋ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ದಿನಾ ಸಂಜೆ ಒಂದು ಬ್ಯಾಚ್ ಫೈಲ್ (ಸಾಲಾಗಿ ಬರೆದಿಟ್ಟ ಆಜ್ಞೆಗಳ ಫೈಲ್) ತಾನಾಗಿ ಓಡುತ್ತದೆ. ಒಂದು ಪಟ್ಟಿಯಲ್ಲಿ ಬರೆದಿಟ್ಟ ಫೈಲ್‌ಗಳನ್ನೆಲ್ಲ ಸೆವೆನ್-ಜಿಪ್‌ನಲ್ಲಿ ಒಂದೇ ಆರ್ಕೈವ್‌ಗೆ, ಅಂದರೆ ಹಲವು ಫೈಲ್‌ಗಳ ಒಂದು ಕಟ್ಟಿಗೆ, ಸೇರಿಸಿ ಪೆನ್ ಡ್ರೈವ್‌ಗೆ ಕಾಪಿ ಮಾಡುತ್ತದೆ. ಸದಸ್ಯರ ಲೆಡ್ಜರ್, ಸಾಲದ ರಿಜಿಸ್ಟರ್, ಜೊತೆಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳಲ್ಲಿ ಒಂದೊಂದಕ್ಕೂ ಆ ದಿನದ ಲಾಟ್ ಶೀಟ್, ಎಲ್ಲವೂ ಎಕ್ಸೆಲ್ ಫೈಲ್‌ಗಳು. ಜೂನ್‌ನಲ್ಲಿ ಸಿಡಿಲು ಬಡಿದು ಹಾರ್ಡ್ ಡಿಸ್ಕ್ ಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ಬಿಚ್ಚಿದರೆ ಸದಸ್ಯರ ಲೆಡ್ಜರ್ ಮಾರ್ಚ್ 31ಕ್ಕೆ ನಿಂತುಬಿಟ್ಟಿದೆ. ಏಪ್ರಿಲ್‌ನಲ್ಲಿ ಯಾರೋ ಆ ಫೈಲ್‌ನ ಹೆಸರಿಗೆ ಹೊಸ ಹಣಕಾಸು ವರ್ಷ ಸೇರಿಸಿದ್ದರಂತೆ, ಪಟ್ಟಿಯಲ್ಲಿ ಮಾತ್ರ ಹಳೇ ಹೆಸರೇ ಉಳಿದಿತ್ತು. ಫೈಲ್ ಇಲ್ಲ ಎಂದು ಗೊತ್ತಾದಾಗ ಸೆವೆನ್-ಜಿಪ್ ನಿಲ್ಲಬೇಕಿತ್ತಲ್ಲವೇ? ನಮ್ಮ ಕಾರ್ಯದರ್ಶಿಯವರು "ಒಂದು ಫೈಲ್ ಇಲ್ಲದಿದ್ದರೂ ನಿಲ್ಲುವಂಥ ಸಾಫ್ಟ್‌ವೇರ್ ಹಾಕಿ" ಎನ್ನುತ್ತಾರೆ. ಬ್ಯಾಚ್ ಫೈಲ್ ಬರೆದುಕೊಟ್ಟ ಹುಡುಗ "ಹಾಗೆ ಮಾಡಿದರೆ ಗೊರಬಲು ಲಾಟ್ ಬಾರದ ದಿನ ಇಡೀ ಬ್ಯಾಕಪ್ಪೇ ಆಗೋದಿಲ್ಲ" ಎನ್ನುತ್ತಾನೆ. ಯಾರ ಮಾತು ಸರಿ? ಟೂಲ್ ಬದಲಿಸಬೇಕೇ? ಹೋದ ಲೆಡ್ಜರ್ ಸಿಗುವ ದಾರಿ ಇದೆಯೇ?

ಉತ್ತರ: ಇಬ್ಬರ ಮಾತೂ ಅರ್ಧ ಸರಿ. ಕಾರ್ಯದರ್ಶಿಯವರು ಲೆಡ್ಜರ್ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ, ಹುಡುಗ ಗೊರಬಲು ಶೀಟ್ ಮನಸ್ಸಿನಲ್ಲಿಟ್ಟುಕೊಂಡು. ಲೆಡ್ಜರ್ ಒಂದು ದಿನ ಇಲ್ಲವೆಂದರೆ ಅದು ಅನಾಹುತ. ಗೊರಬಲು ಶೀಟ್ ಇಲ್ಲವೆಂದರೆ ಆ ದಿನ ಗೊರಬಲು ಬಂದಿಲ್ಲ, ಅಷ್ಟೇ. ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಥರದ ಎರಡು ಸಾಲುಗಳಾಗಿ ಕೂತಿವೆ. ಯಾವ 'ಇಲ್ಲ'ಕ್ಕೆ ಗಾಬರಿಯಾಗಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದು ಸೆವೆನ್-ಜಿಪ್‌ಗೆ ಗೊತ್ತಾಗಲು ಸಾಧ್ಯವೇ ಇಲ್ಲ. ಅದನ್ನು ಹೇಳಬೇಕಾದವರು ಪಟ್ಟಿ ಬರೆದವರು. ನಿಮ್ಮ ಪಟ್ಟಿಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಇನ್ನು, ನಿಮ್ಮ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ: ಟೂಲ್ ಏನೂ ಹೇಳಲಿಲ್ಲ ಎಂಬುದು. ಅದನ್ನು ಮೊದಲು ಬಿಡಿಸೋಣ.

ಸೆವೆನ್-ಜಿಪ್ ಹೇಳಿತ್ತು

ಪಟ್ಟಿಯಲ್ಲಿರುವ ಹೆಸರಿನ ಫೈಲ್ ಸಿಗದಿದ್ದರೆ ಸೆವೆನ್-ಜಿಪ್ ಕಪ್ಪು ಪರದೆಯ ಮೇಲೆ 'ವಾರ್ನಿಂಗ್' ಎಂದು ಬರೆದು, ಸಿಸ್ಟಮ್‌ಗೆ ಆ ಫೈಲ್ ಸಿಗಲಿಲ್ಲ ಎನ್ನುವ ವಿಂಡೋಸ್ ಸಂದೇಶವನ್ನು ಹೆಸರಿನ ಸಮೇತ ತೋರಿಸುತ್ತದೆ. ಉಳಿದ ಫೈಲ್‌ಗಳನ್ನು ಸೇರಿಸಿ ಮುಗಿಸುತ್ತದೆ. ಕೊನೆಯಲ್ಲಿ 'ಸ್ಕ್ಯಾನ್ ವಾರ್ನಿಂಗ್ಸ್: 1' ಎಂದು ಮತ್ತೊಮ್ಮೆ ನೆನಪಿಸುತ್ತದೆ. ಹೊರಡುವಾಗ ಎಕ್ಸಿಟ್ ಕೋಡ್, ಅಂದರೆ ಕೆಲಸ ಹೇಗಾಯಿತು ಎಂದು ಹೇಳುವ ಸಂಖ್ಯೆ, 1 ಎಂದು ಬಿಟ್ಟು ಹೋಗುತ್ತದೆ. ಅದರ ಲೆಕ್ಕದಲ್ಲಿ 0 ಎಂದರೆ ಎಲ್ಲ ಸರಿ, 1 ಎಂದರೆ ಎಚ್ಚರಿಕೆ (ಕೆಲವು ಫೈಲ್ ಸೇರಿಲ್ಲ, ಆದರೆ ಆರ್ಕೈವ್ ಆಗಿದೆ), 2 ಎಂದರೆ ಕೆಲಸವೇ ಕೆಟ್ಟಿದೆ, 7 ಎಂದರೆ ಕೊಟ್ಟ ಆಜ್ಞೆಯೇ ತಪ್ಪು, 8 ಎಂದರೆ ಮೆಮೊರಿ ಸಾಲಲಿಲ್ಲ.

ಹಾಗಾದರೆ ಏಪ್ರಿಲ್‌ನಿಂದ ದಿನಾ ಸಂಜೆ 1 ಬರುತ್ತಿತ್ತಲ್ಲ, ಅದು ಎಲ್ಲಿಗೆ ಹೋಯಿತು? ನಿಮ್ಮ ಬ್ಯಾಚ್ ಫೈಲ್ ನಾನು ನೋಡಿಲ್ಲ. ಆದರೆ ಶಿವಮೊಗ್ಗದ ಸಣ್ಣ ಆಫೀಸುಗಳಲ್ಲಿ ನನ್ನ ಕೈಗೆ ಬರುವ ಬ್ಯಾಚ್ ಫೈಲ್‌ಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: ಮೊದಲ ಸಾಲಿನಲ್ಲಿ ಸೆವೆನ್-ಜಿಪ್, ಅದರ ಕೊನೆಗೆ ಔಟ್‌ಪುಟ್ಟನ್ನೆಲ್ಲ 'ನಲ್'ಗೆ (ಬಂದದ್ದನ್ನೆಲ್ಲ ಬಿಸಾಡುವ ಜಾಗ) ಸುರಿಯುವ ಬಾಣದ ಗುರುತು, ಎರಡನೇ ಸಾಲಿನಲ್ಲಿ ಪೆನ್ ಡ್ರೈವ್‌ಗೆ 'ಕಾಪಿ'. ಬಾಣದ ಗುರುತು ಎಚ್ಚರಿಕೆಯ ಮಾತನ್ನು ನುಂಗುತ್ತದೆ. ಎರಡನೇ ಸಾಲು ಎಕ್ಸಿಟ್ ಕೋಡನ್ನು ನುಂಗುತ್ತದೆ. ಬ್ಯಾಚ್ ಫೈಲ್ ತನ್ನ ಕೊನೆಯ ಆಜ್ಞೆಯ ಫಲವನ್ನೇ ತನ್ನ ಫಲವೆಂದು ಹೇಳುವುದರಿಂದ, ಕಾಪಿ ಸರಿಯಾಗಿ ಆದರೆ ಹೊತ್ತಿಗೆ ಸರಿಯಾಗಿ ಬ್ಯಾಚ್ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನ 'ಲಾಸ್ಟ್ ರನ್ ರಿಸಲ್ಟ್' ಕಾಲಂನಲ್ಲಿ ಸೊನ್ನೆಯೇ ಬೀಳುತ್ತದೆ. ಅರೆಬರೆ ಆರ್ಕೈವ್ ಯಶಸ್ವಿಯಾಗಿ ಕಾಪಿ ಆಯಿತು ಎಂಬುದಷ್ಟೇ ಆ ಸೊನ್ನೆಯ ಅರ್ಥ.

ಆದ್ದರಿಂದ ಟೂಲ್ ಬದಲಿಸಬೇಕೇ ಎಂಬ ಪ್ರಶ್ನೆಗೆ ಉತ್ತರ: ಬೇಡ. ಬದಲಿಸಿದರೂ ಆ ಎರಡು ಸಾಲು ಹಾಗೇ ಇದ್ದರೆ ಹೊಸ ಟೂಲಿನ ಗತಿಯೂ ಇದೇ.

ಹಳೇ ಲೆಡ್ಜರ್ ಆರ್ಕೈವ್ ಒಳಗೆ ಹೇಗೆ ಕೂತಿತ್ತು?

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಇಲ್ಲಿ. ಲೆಡ್ಜರ್ ಸಿಗಲೇ ಇಲ್ಲ ಎಂದು ನೀವು ಬರೆದಿಲ್ಲ, ಮಾರ್ಚ್ 31ಕ್ಕೆ ನಿಂತಿತ್ತು ಎಂದು ಬರೆದಿದ್ದೀರಿ. ಅಂದರೆ ನಿಮ್ಮ ಬ್ಯಾಚ್ ದಿನಾ ಹೊಸ ಆರ್ಕೈವ್ ಮಾಡುತ್ತಿರಲಿಲ್ಲ, ಅದೇ ಹೆಸರಿನ ಹಳೇ ಆರ್ಕೈವ್‌ಗೇ ಸೇರಿಸುತ್ತಿತ್ತು.

ಸೆವೆನ್-ಜಿಪ್‌ನ 'ಎ' ಎಂಬ ಸೇರಿಸುವ ಆಜ್ಞೆ ಹಳೇ ಆರ್ಕೈವ್ ಮೇಲೆ ಓಡಿದಾಗ, ಡಿಸ್ಕ್‌ನಲ್ಲಿ ಸಿಕ್ಕ ಫೈಲ್‌ಗಳ ಹೊಸ ಪ್ರತಿ ಹಾಕುತ್ತದೆ. ಡಿಸ್ಕ್‌ನಲ್ಲಿ ಸಿಗದೆ ಆರ್ಕೈವ್‌ನಲ್ಲಿ ಮಾತ್ರ ಇರುವುದನ್ನು ಮುಟ್ಟುವುದಿಲ್ಲ, ಇದ್ದ ಹಾಗೇ ಉಳಿಸುತ್ತದೆ. ಲಿನಕ್ಸ್ ಕಡೆಯ ಜಿಪ್ ಟೂಲ್ ಇನ್ಫೋ-ಜಿಪ್ ಕೂಡ ಹೀಗೇ. ಇದು ದೋಷವಲ್ಲ. ಕಾಣೆಯಾದದ್ದನ್ನೆಲ್ಲ ಆರ್ಕೈವ್‌ನಿಂದಲೂ ಅಳಿಸುತ್ತಾ ಹೋದರೆ, ಯಾರೋ ಅಪ್ಪಿತಪ್ಪಿ ಡಿಲೀಟ್ ಮಾಡಿದ ಫೈಲ್ ಅದೇ ಸಂಜೆ ಬ್ಯಾಕಪ್‌ನಿಂದಲೂ ಮಾಯವಾಗುತ್ತದೆ. ಆದರೆ ಇದರ ಇನ್ನೊಂದು ಮುಖ ನೀವು ಕಂಡದ್ದು. ನಡುನಡುವೆ ಯಾರಾದರೂ ಆರ್ಕೈವ್ ತೆರೆದು ನೋಡಿದ್ದರೂ 'ಸದಸ್ಯರ ಲೆಡ್ಜರ್' ಎಂಬ ಹೆಸರು ಕಣ್ಣಿಗೆ ಬೀಳುತ್ತಿತ್ತು. ಪಕ್ಕದ 'ಮಾಡಿಫೈಡ್' ಕಾಲಂ ನೋಡಿದವರಿಗೆ ಮಾತ್ರ ಅದು ಹಳೇದು ಎಂದು ತಿಳಿಯುತ್ತಿತ್ತು. ಅಂದಹಾಗೆ, ಗೊರಬಲು ಬಾರದ ದಿನಗಳಲ್ಲೂ ನಿಮ್ಮ ಆರ್ಕೈವ್‌ನಲ್ಲಿ ಗೊರಬಲು ಶೀಟ್ ಇದ್ದೇ ಇರುತ್ತದೆ, ಹಿಂದಿನ ಲಾಟಿನದ್ದು. ಆಡಿಟ್ ಸಮಯದಲ್ಲಿ ಅದನ್ನು ಆ ದಿನದ ವಹಿವಾಟು ಎಂದು ಯಾರಾದರೂ ಎತ್ತಿಕೊಂಡರೆ ಇನ್ನೊಂದು ತಲೆನೋವು.

ಇದೇ ಜಾತಿಯ ಮತ್ತೊಂದು ತಪ್ಪು ನಂಬಿಕೆ: "ಆರ್ಕೈವ್ ಟೆಸ್ಟ್ ಮಾಡಿದೆವು, 'ಎವ್ರಿಥಿಂಗ್ ಈಸ್ ಓಕೆ' ಅಂತ ಬಂತು." ಆ ಟೆಸ್ಟ್ ನೋಡುವುದು ಒಳಗಿರುವ ಬೈಟ್‌ಗಳು ಕೆಟ್ಟಿಲ್ಲವೇ ಎಂಬುದನ್ನು. ಒಳಗೆ ಏನು ಇರಬೇಕಿತ್ತು ಎಂಬುದು ಅದಕ್ಕೆ ತಿಳಿಯದು. ಲೆಡ್ಜರ್ ಇಲ್ಲದ ಆರ್ಕೈವ್ ಕೂಡ ನೂರಕ್ಕೆ ನೂರು ಪಾಸಾಗುತ್ತದೆ.

ಒಂದೊಂದು ಟೂಲಿಗೆ ಒಂದೊಂದು ರೀತಿ

ನಿಂತುಬಿಡುವ ಟೂಲ್ ಬೇಕು ಎಂದು ಕಾರ್ಯದರ್ಶಿಯವರು ಕೇಳಿದ್ದರಿಂದ, ಬಳಕೆಯಲ್ಲಿರುವವು ಏನು ಮಾಡುತ್ತವೆ ಎಂದು ಹೇಳಿಬಿಡುತ್ತೇನೆ.

ಲಿನಕ್ಸ್‌ನಲ್ಲಿ ಬರುವ ಗ್ನೂ ಟಾರ್ ಎಂಬ ಆರ್ಕೈವ್ ಟೂಲ್ ಸಿಗದ ಫೈಲ್‌ಗೆ 'ಕೆನಾಟ್ ಸ್ಟ್ಯಾಟ್' ಎಂದು ದೂರಿ ಮುಂದೆ ಹೋಗುತ್ತದೆ, ಉಳಿದದ್ದನ್ನು ಕಟ್ಟುತ್ತದೆ, ಕೊನೆಗೆ ಹಿಂದಿನ ತಪ್ಪುಗಳಿಂದಾಗಿ ವಿಫಲ ಎಂದು ಸಾರಿ ಎಕ್ಸಿಟ್ ಕೋಡ್ 2 ಕೊಡುತ್ತದೆ. ಓದುತ್ತಿರುವಾಗಲೇ ಫೈಲ್ ಬದಲಾದರೆ ಕೊಡುವುದು 1. ಕೊಟ್ಟ ಹೆಸರುಗಳಲ್ಲಿ ಒಂದೂ ಸಿಗದಿದ್ದರೂ ಅದು 10,240 ಬೈಟ್‌ಗಳ ಒಂದು ಖಾಲಿ ಆರ್ಕೈವ್ ಮಾಡಿಟ್ಟಿರುತ್ತದೆ. ಫೋಲ್ಡರ್‌ನಲ್ಲಿ ಫೈಲ್ ಇದೆ, ಹೆಸರಲ್ಲಿ ಇವತ್ತಿನ ತಾರೀಕೂ ಇದೆ, ಒಳಗೆ ಸೊನ್ನೆಗಳ ಸಾಲು. ಗಾತ್ರ ಸರಿಯಾಗಿ 10,240 ಎಂದು ಕಂಡರೆ ಕೂಡಲೇ ಅನುಮಾನಪಡಿ.

ಟಾರ್ ಹೀಗೆ ಮುಂದೆ ಹೋಗುವುದಕ್ಕೆ ಅರ್ಥವಿದೆ. ಅದು 1979ರ ಯುನಿಕ್ಸ್ ಏಳನೇ ಆವೃತ್ತಿಯ ಜೊತೆ ಬಂದದ್ದು, ಟೇಪ್ ಕಾಲದ್ದು. ರಾತ್ರಿಯಿಡೀ ಟೇಪ್ ಓಡಬೇಕಾದ ಕಡೆ ಒಂದು ಫೈಲ್ ಇಲ್ಲವೆಂದು ಮೊದಲ ನಿಮಿಷದಲ್ಲೇ ನಿಂತರೆ ಬೆಳಿಗ್ಗೆ ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ಹುಡುಗನ ವಾದವೂ ಅದೇ.

ಇನ್ಫೋ-ಜಿಪ್ ವಿಷಯದಲ್ಲಿ ಮಾತ್ರ ಹುಷಾರು. ಹೆಸರಿಗೆ ತಕ್ಕ ಫೈಲ್ ಸಿಗದಿದ್ದರೆ 'ನೇಮ್ ನಾಟ್ ಮ್ಯಾಚ್ಡ್' ಎಂದು ಪರದೆಯ ಮೇಲೆ ಎಚ್ಚರಿಸುತ್ತದೆ ನಿಜ, ಆದರೆ ಉಳಿದ ಫೈಲ್‌ಗಳು ಸರಿಯಾಗಿ ಸೇರಿದರೆ ಹೊರಡುವಾಗ 0 ಎಂದೇ ಹೇಳಿ ಹೋಗುತ್ತದೆ. ಫೈಲ್ ಇದ್ದೂ ಓದಲಾಗದಿದ್ದರೆ 18, ಸೇರಿಸಲು ಏನೂ ಸಿಗದಿದ್ದರೆ 12. ಅಂದರೆ ಎಕ್ಸಿಟ್ ಕೋಡ್ ನೋಡಿಕೊಂಡೇ ಬ್ಯಾಚ್ ಬರೆದವರಿಗೂ ಅಲ್ಲಿ ಮೋಸವಾಗಬಹುದು. ಹೆಸರಿಟ್ಟು ಕೇಳಿದ್ದು ಸಿಗದಿದ್ದಾಗ 'ಯಶಸ್ವಿ' ಎನ್ನುವುದು ನನ್ನ ಮಟ್ಟಿಗೆ ಒಪ್ಪತಕ್ಕ ನಡವಳಿಕೆಯಲ್ಲ. ಅದಕ್ಕೆ ಮದ್ದೂ ಅದರಲ್ಲೇ ಇದೆ: ಎರಡು ದೊಡ್ಡ 'ಎಂ' ಅಕ್ಷರಗಳ 'ಮಸ್ಟ್-ಮ್ಯಾಚ್' ಸ್ವಿಚ್ (ಆಜ್ಞೆಯ ಜೊತೆ ಬರೆಯುವ ಆಯ್ಕೆ). ಅದನ್ನು ಕೊಟ್ಟರೆ ಒಂದು ಹೆಸರು ಸಿಗದ ಕೂಡಲೇ ನಿಲ್ಲುತ್ತದೆ, ಆರ್ಕೈವ್ ಮಾಡುವುದೇ ಇಲ್ಲ, 18 ಕೊಡುತ್ತದೆ. ಕಾರ್ಯದರ್ಶಿಯವರು ಕೇಳಿದ್ದು ಇದನ್ನೇ. ವಿಂಡೋಸ್ ಪವರ್‌ಶೆಲ್‌ನ 'ಕಂಪ್ರೆಸ್-ಆರ್ಕೈವ್' ಯಾವ ಸ್ವಿಚ್ ಇಲ್ಲದೆಯೂ ಹೀಗೇ ಹಟಮಾಡುತ್ತದೆ.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಆರ್‌ಸಿಂಕ್‌ನ ಕ್ರಮ, ಅದು ಆರ್ಕೈವ್ ಟೂಲ್ ಅಲ್ಲ, ಫೈಲ್ ಕಾಪಿ ಮಾಡುವ ಟೂಲ್ ಆಗಿದ್ದರೂ. ಕಾಪಿ ಮಾಡುವಾಗ ತಪ್ಪಾಗಿ ಕೆಲವು ಫೈಲ್ ಬಿಟ್ಟುಹೋದರೆ 23 ಕೊಡುತ್ತದೆ, ಪಟ್ಟಿ ಮಾಡುವಾಗ ಇದ್ದು ಕಾಪಿ ಮಾಡುವಷ್ಟರಲ್ಲಿ ಫೈಲ್ ಮಾಯವಾಗಿದ್ದರೆ 24. ಎರಡು ಬೇರೆ ಬೇರೆ 'ಇಲ್ಲ'ಗಳಿಗೆ ಎರಡು ಬೇರೆ ನಂಬರ್.

'ಇಲ್ಲ' ಎಂದರೆ ಯಾವ ಇಲ್ಲ?

ಕೆಲಸಕ್ಕೆ ಹೋದಾಗ ನಾನು ಮೊದಲು ಕೇಳುವುದು ಇದನ್ನೇ. ನಿಮ್ಮ ಲೆಡ್ಜರ್‌ನದ್ದು ಹೆಸರು ಬದಲಾದ ಪ್ರಕರಣ. ಗೊರಬಲು ಶೀಟ್‌ನದ್ದು ಹುಟ್ಟೇ ಇಲ್ಲದ ಪ್ರಕರಣ. ಇವೆರಡಲ್ಲದೆ ಇನ್ನೂ ಕೆಲವು ಇವೆ, ನಿಮ್ಮಲ್ಲೂ ಇವತ್ತಲ್ಲ ನಾಳೆ ಬರುವಂಥವು.

ಒಂದು, ಫೈಲ್ ಇದೆ, ಓದಲು ಬಿಡುತ್ತಿಲ್ಲ. ಯಾರೋ ಲೆಡ್ಜರನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟೇ ಮನೆಗೆ ಹೋಗಿದ್ದರೆ ಸೆವೆನ್-ಜಿಪ್‌ಗೆ ಅದು ಸಿಗುವುದಿಲ್ಲ, ಬೇರೆ ಪ್ರೋಗ್ರಾಂ ಬಳಸುತ್ತಿದೆ ಎಂದು ವಿಂಡೋಸ್ ಬಾಗಿಲು ಹಾಕುತ್ತದೆ. ಇದಕ್ಕೂ ಎಕ್ಸಿಟ್ ಕೋಡ್ 1. 'ಎಸ್ಎಸ್‌ಡಬ್ಲ್ಯೂ' ಎಂಬ ಸ್ವಿಚ್ ಕೊಟ್ಟರೆ ಬರೆಯಲು ತೆರೆದಿರುವ ಫೈಲನ್ನೂ ಅದು ಓದುತ್ತದೆ. ಎಕ್ಸೆಲ್‌ಗಾದರೆ ಕೊನೆಯ ಸಲ ಸೇವ್ ಮಾಡಿದ ಪ್ರತಿ ಸಿಗುತ್ತದೆ, ಚಿಂತೆಯಿಲ್ಲ. ಆದರೆ ಸಂಘಕ್ಕೆ ನಾಳೆ ಎಸ್‌ಕ್ಯೂಎಲ್ ಸರ್ವರ್ ಮೇಲೆ ಓಡುವ ತಂತ್ರಾಂಶ ಬಂದರೆ ಅದರ ಡೇಟಾ ಫೈಲನ್ನು ಈ ಸ್ವಿಚ್ ಹಾಕಿ ಎಳೆದುಕೊಳ್ಳಲು ಹೋಗಬೇಡಿ. ಬರೆಯುತ್ತಿರುವಾಗಲೇ ಕಿತ್ತ ಪ್ರತಿ ಮತ್ತೆ ತೆರೆಯದೇ ಹೋಗಬಹುದು. ಮೊದಲು ಡೇಟಾಬೇಸ್‌ನದೇ ಬ್ಯಾಕಪ್ ಆಜ್ಞೆ ಓಡಿಸಿ, ಅದು ಕೊಟ್ಟ ಫೈಲನ್ನು ಆರ್ಕೈವ್‌ಗೆ ಹಾಕಬೇಕು.

ಇನ್ನೊಂದು, ಕ್ಷಣಕಾಲ ಇಲ್ಲದಿರುವುದು. ಎಕ್ಸೆಲ್ ಸೇವ್ ಮಾಡುವಾಗ ಮೊದಲು ಬೇರೆ ತಾತ್ಕಾಲಿಕ ಹೆಸರಲ್ಲಿ ಬರೆದು, ಹಳೇದನ್ನು ತೆಗೆದು, ಹೊಸದಕ್ಕೆ ಮೂಲ ಹೆಸರು ಇಡುತ್ತದೆ. ಆ ಕಣ್ಣುಮಿಟುಕಿನ ಹೊತ್ತಿನಲ್ಲಿ ಟೂಲ್ ಬಂದು ಹುಡುಕಿದರೆ ಫೈಲ್ ಇಲ್ಲ. ಒಂದೆರಡು ನಿಮಿಷ ಬಿಟ್ಟು ಮತ್ತೆ ಹುಡುಕಿದರೆ ಇದೆ. ಆದ್ದರಿಂದ ಮೊದಲ 'ಇಲ್ಲ'ಕ್ಕೇ ಕೂಗಾಡದೆ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಮತ್ತೊಂದು ನಮ್ಮ ಮಲೆನಾಡಿನ ಮಳೆಗಾಲಕ್ಕೆ ಹೇಳಿಮಾಡಿಸಿದ್ದು. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಲ್ಲಿ ಫೈಲ್‌ನ ಹೆಸರು ಮಾತ್ರ ಕಂಪ್ಯೂಟರಿನಲ್ಲಿದ್ದು ಒಳಗಿನ ಮಾಹಿತಿ ಇಂಟರ್ನೆಟ್‌ನಲ್ಲಿ ಇರುವ ವ್ಯವಸ್ಥೆ ಇದೆ. ಲೈನ್ ಇರುವಾಗ ವ್ಯತ್ಯಾಸವೇ ತಿಳಿಯುವುದಿಲ್ಲ. ಆಗುಂಬೆ ಕಡೆ ಮರ ಬಿದ್ದು ಕರೆಂಟೂ ನೆಟ್ಟೂ ಎರಡು ದಿನ ಹೋದಾಗ ಫೋಲ್ಡರ್‌ನಲ್ಲಿ ಹೆಸರುಗಳೆಲ್ಲ ಕಾಣುತ್ತವೆ, ಓದಲು ಹೋದರೆ ಒಂದೂ ಬರುವುದಿಲ್ಲ. ಬ್ಯಾಕಪ್‌ಗೆ ಬೇಕಾದ ಫೋಲ್ಡರ್‌ಗಳಿಗೆ ಮೌಸ್‌ನ ಬಲಗುಂಡಿ ಒತ್ತಿ 'ಈ ಸಾಧನದಲ್ಲೇ ಸದಾ ಇರಲಿ' ಎಂಬ ಆಯ್ಕೆ ಕೊಟ್ಟಿಡಿ.

ಕನ್ನಡ ಹೆಸರಿನ ಫೈಲ್‌ಗಳಿಗೆ ಮಾತ್ರ ಬರುವ ಕಾಟ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇರೆ ಕಡೆ ಇದನ್ನು ಹೇಳುವವರು ಕಡಿಮೆ, ನಿಮ್ಮ ಫೈಲ್ ಹೆಸರುಗಳು ಕನ್ನಡದಲ್ಲಿರುವಂತೆಯೂ ತೋರುತ್ತದೆ. ಪಟ್ಟಿಯಲ್ಲಿರುವ ಹೆಸರೂ ಫೋಲ್ಡರ್‌ನಲ್ಲಿರುವ ಹೆಸರೂ ಕಣ್ಣಿಗೆ ತದ್ರೂಪು, ಆದರೂ ಟೂಲ್ 'ಇಲ್ಲ' ಎನ್ನುತ್ತದೆ.

'ಪಾಸ್‌ಬುಕ್' ಎಂದು ಟೈಪ್ ಮಾಡುವಾಗ ಸ-ಬ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ನಾವು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದಕ್ಕೆ 200ಸಿ ಎಂಬ ಸಂಖ್ಯೆ. ಕೆಲವು ಕೀಬೋರ್ಡ್‌ಗಳು ಅದನ್ನು ತಾವೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರಂತೂ ಪರದೆಯ ಮೇಲೆ ಸುಳಿವೇ ಇರುವುದಿಲ್ಲ. 'ಲೆಡ್ಜರ್' ಎಂಬ ಪದದ ಕೊನೆಯ ಅರ್ಧಾಕ್ಷರದ ಬಳಿಕ ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಫೈಲ್.

ಸ್ವರಚಿಹ್ನೆಗಳಲ್ಲೂ ಇದೇ ಕಥೆ. 'ಕೊ' ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯುನಿಕೋಡ್ ನಿಯಮದಂತೆ ಎರಡೂ ಸಮಾನ. ವಿಂಡೋಸ್ ಹೆಸರು ಹೋಲಿಸುವಾಗ ಆ ಸಮಾನತೆ ಲೆಕ್ಕಕ್ಕಿಲ್ಲ, ಸಂಕೇತಕ್ಕೆ ಸಂಕೇತ ಕೂಡಬೇಕು. ಹಳೇ ಮ್ಯಾಕ್ ಕಂಪ್ಯೂಟರುಗಳು ಫೈಲ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿದ್ದವು. ಹಾಗಾಗಿ ಅಲ್ಲಿಂದ ಬಂದ ಫೈಲ್‌ನ ಹೆಸರನ್ನು ನೀವು ಇಲ್ಲಿ ಹೊಸದಾಗಿ ಟೈಪ್ ಮಾಡಿ ಪಟ್ಟಿಗೆ ಹಾಕಿದರೆ ಕೂಡದೇ ಹೋಗಬಹುದು.

ಮೂರನೆಯದು ಪಟ್ಟಿ ಫೈಲ್ ಉಳಿಸುವ ರೀತಿ. ಸೆವೆನ್-ಜಿಪ್ ಪಟ್ಟಿಯನ್ನು ಯುಟಿಎಫ್-8 (ಕನ್ನಡವನ್ನೂ ಬರೆಯಬಲ್ಲ ಸಂಕೇತ ಪದ್ಧತಿ) ಎಂದೇ ಓದುತ್ತದೆ. ವಿಂಡೋಸ್ 10ರ 1903 ಆವೃತ್ತಿಗಿಂತ ಹಳೆಯ ನೋಟ್‌ಪ್ಯಾಡ್ ತಾನಾಗಿ ಆರಿಸುವುದು 'ಆನ್ಸಿ' ಎಂಬ ಹಳೇ ಪದ್ಧತಿ. ಆನ್ಸಿಯಲ್ಲಿ ಉಳಿಸಿದರೆ ಕನ್ನಡ ಅಕ್ಷರವೆಲ್ಲ ಪ್ರಶ್ನೆ ಗುರುತಾಗುತ್ತದೆ. ನೋಟ್‌ಪ್ಯಾಡ್ ಒಮ್ಮೆ ಎಚ್ಚರಿಸುತ್ತದೆ, ನಾವು ಓದದೆ 'ಓಕೆ' ಒತ್ತುತ್ತೇವೆ. ಸೆವೆನ್-ಜಿಪ್‌ಗೆ ಪ್ರಶ್ನೆ ಗುರುತೆಂದರೆ 'ಯಾವುದಾದರೂ ಒಂದು ಅಕ್ಷರ'. ಅಷ್ಟೇ ಉದ್ದದ ಬೇರೆ ಹೆಸರಿನ ಫೈಲ್ ಇದ್ದರೆ ಅದನ್ನು ಎತ್ತಿಕೊಂಡು ಎಲ್ಲ ಸರಿ ಎಂದು ಹೇಳಿಬಿಡಬಹುದು.

ಇದಕ್ಕೆಲ್ಲ ನಾನು ಹೇಳುವ ಉಪಾಯ ಸರಳ. ಪಟ್ಟಿಯಲ್ಲಿ ಹೆಸರನ್ನು ಟೈಪ್ ಮಾಡಲೇಬೇಡಿ. ಫೋಲ್ಡರ್‌ನಲ್ಲಿ ಶಿಫ್ಟ್ ಹಿಡಿದು ಫೈಲ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ 'ಕಾಪಿ ಆಸ್ ಪಾತ್' ಸಿಗುತ್ತದೆ, ಅದನ್ನು ತಂದು ಅಂಟಿಸಿ. ಬ್ಯಾಕಪ್‌ಗೆ ಹೋಗುವ ಫೈಲ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಇಟ್ಟರೆ ಇನ್ನೂ ನೆಮ್ಮದಿ. ಒಳಗಿನ ಕನ್ನಡಕ್ಕೆ ಅದರಿಂದ ಏನೂ ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಕಾರ್ಯದರ್ಶಿಯವರದ್ದು, ಒಂದು ಸಿಗದಿದ್ದರೂ ನಿಲ್ಲುವುದು. ಜನ ಎದುರಿಗೆ ಕೂತು ಮಾಡುವ ಕೆಲಸಕ್ಕೆ ಇದು ಸರಿ. ಉದಾಹರಣೆಗೆ ವರ್ಷಾಂತ್ಯದಲ್ಲಿ ಆಡಿಟರ್‌ಗೆ ಕಳಿಸುವ ಆರ್ಕೈವ್. ಅಲ್ಲಿ ಅರೆಬರೆ ಹೋಗುವುದಕ್ಕಿಂತ ಹೋಗದಿರುವುದೇ ಮೇಲು. ಎಲ್ಲರೂ ಬಾಗಿಲು ಹಾಕಿಕೊಂಡು ಹೋದ ಮೇಲೆ ಓಡುವ ದಿನದ ಬ್ಯಾಕಪ್‌ಗೆ ಇದು ಅಪಾಯ. ಒಂದು ಲಾಟ್ ಶೀಟ್‌ಗಾಗಿ ಸಾಲದ ರಿಜಿಸ್ಟರೂ ಹೋಗುತ್ತದೆ, ಅದೇ ರಾತ್ರಿ ಸಿಡಿಲೂ ಬಡಿಯಬಹುದು.

ಎರಡನೆಯದು, ಸಿಕ್ಕಿದ್ದನ್ನು ಕಟ್ಟಿ ಸಿಗದ್ದಕ್ಕೆ ಗಟ್ಟಿಯಾಗಿ ಕೂಗುವುದು. ದಿನದ ಬ್ಯಾಕಪ್‌ಗೆ ನನ್ನ ಒಲವು ಇದಕ್ಕೇ. ಇದರ ಅಪಾಯವೂ ಗೊತ್ತಿರಲಿ: ಗೊರಬಲು ಶೀಟ್‌ಗಾಗಿ ವಾರಕ್ಕೆ ಮೂರು ಸಲ ಕೂಗಿದರೆ ನಾಲ್ಕನೇ ಸಲ ಲೆಡ್ಜರ್‌ಗಾಗಿ ಕೂಗಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ಮೂರನೆಯದು, ಸಿಗದ್ದಕ್ಕೆ ಸುಮ್ಮನಿರು ಎಂದು ಟೂಲಿಗೆ ಹೇಳುವುದು. ಆರ್‌ಸಿಂಕ್‌ನಲ್ಲಿ 'ಇಗ್ನೋರ್-ಮಿಸ್ಸಿಂಗ್-ಆರ್ಗ್ಸ್' ಎಂದೇ ಒಂದು ಸ್ವಿಚ್ ಇದೆ. ಇಡೀ ಪಟ್ಟಿಗೆ ಇದನ್ನು ಹಾಕುವುದೆಂದರೆ ನಿಮಗೆ ಈಗ ಆದದ್ದನ್ನೇ ಅಧಿಕೃತ ಮಾಡಿದ ಹಾಗೆ.

ನಾಲ್ಕನೆಯದು, ಪಟ್ಟಿಯನ್ನೇ ಬಿಟ್ಟು ಇಡೀ ಫೋಲ್ಡರ್ ಕಟ್ಟುವುದು. ಲೆಡ್ಜರ್‌ಗೆ ಯಾರು ಯಾವ ಹೆಸರಿಟ್ಟರೂ ಫೋಲ್ಡರ್ ಒಳಗಿದ್ದರೆ ಬಂದೇ ಬರುತ್ತದೆ. ನಿಮ್ಮ ಏಪ್ರಿಲ್ ಪ್ರಸಂಗಕ್ಕೆ ಇದು ನೇರ ಪರಿಹಾರ. ಆದರೆ ಯಾರೋ ಲೆಡ್ಜರನ್ನು ಡೆಸ್ಕ್‌ಟಾಪ್‌ಗೆ ಎಳೆದು ಹಾಕಿದರೆ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಅದನ್ನು ಹೆಸರಿಟ್ಟು ಕೇಳಿದವರೇ ಇಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ನಾಲ್ಕನೆಯದನ್ನು ಎರಡನೆಯದರ ಜೊತೆ ಸೇರಿಸಬೇಕು. ಕಟ್ಟುವುದು ಇಡೀ ಫೋಲ್ಡರನ್ನು, ಪರೀಕ್ಷಿಸುವುದು ಪಟ್ಟಿಯಿಂದ. ಆ ಪಟ್ಟಿಯಲ್ಲಿ ಇರಲೇಬೇಕಾದವು ಮಾತ್ರ ಇರಲಿ: ಸದಸ್ಯರ ಲೆಡ್ಜರ್, ಸಾಲದ ರಿಜಿಸ್ಟರ್, ನಗದು ಪುಸ್ತಕ, ಅಂಥವು. ಲಾಟ್ ಶೀಟ್‌ಗಳು ಫೋಲ್ಡರ್ ಜೊತೆ ಬಂದರೆ ಬಂದವು, ಇಲ್ಲದಿದ್ದರೆ ಆ ದಿನ ಲಾಟ್ ಇಲ್ಲ.

ಬ್ಯಾಚ್ ಫೈಲ್‌ನ ಕ್ರಮ ಹೀಗಿರಲಿ. ಮೊದಲು 'ಇಫ್ ನಾಟ್ ಎಕ್ಸಿಸ್ಟ್' ಸಾಲಿನಿಂದ ಪಟ್ಟಿಯ ಒಂದೊಂದು ಹೆಸರನ್ನೂ ಹುಡುಕಿಸಿ. ಸಿಗದಿದ್ದರೆ ಎರಡು ನಿಮಿಷ ಕಾಯಿಸಿ ಮತ್ತೊಮ್ಮೆ ಹುಡುಕಿಸಿ, ಆಗಲೂ ಇಲ್ಲದಿದ್ದರೆ ಹೆಸರನ್ನು ಒಂದು ಲಾಗ್ ಫೈಲ್‌ಗೆ ಬರೆಸಿ. ಆದರೂ ಆರ್ಕೈವ್ ನಡೆಯಲಿ. ದಿನಾ ಹೊಸ ಆರ್ಕೈವ್ ಆಗಬೇಕು, ಹೆಸರಲ್ಲಿ ತಾರೀಕು ಇರಬೇಕು. ಆಗ ಹಳೇ ಪ್ರತಿ ಹೊಸದರೊಳಗೆ ನುಸುಳುವ ಪ್ರಶ್ನೆಯೇ ಇಲ್ಲ. ಸೆವೆನ್-ಜಿಪ್ ಸಾಲು ಮುಗಿದ ಕೂಡಲೇ ಎರರ್‌ಲೆವೆಲ್ (ಬ್ಯಾಚ್‌ನಲ್ಲಿ ಎಕ್ಸಿಟ್ ಕೋಡ್‌ಗೆ ಇರುವ ಹೆಸರು) ಸಂಖ್ಯೆಯನ್ನು ಒಂದು ಕಡೆ ಎತ್ತಿಟ್ಟುಕೊಂಡು, ಕಾಪಿ ಎಲ್ಲ ಆದ ಮೇಲೆ ಬ್ಯಾಚ್‌ನ ಕೊನೆಯಲ್ಲಿ ಆ ಸಂಖ್ಯೆಯನ್ನೇ ಹೊರಗೆ ಕೊಡಬೇಕು. ಕಾಪಿಯೇ ಆಗದಿದ್ದರೆ ಅದರ ಸಂಖ್ಯೆ. 'ಇಫ್ ಎರರ್‌ಲೆವೆಲ್ 1' ಎಂದು ಬರೆದರೆ 1 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆಲ್ಲ ಅನ್ವಯಿಸುತ್ತದೆ ಎಂಬುದು ಹುಡುಗನಿಗೆ ನೆನಪಿರಲಿ. ಔಟ್‌ಪುಟ್ 'ನಲ್'ಗೆ ಹೋಗುವ ಬದಲು ಲಾಗ್‌ಗೆ ಹೋಗಲಿ.

ಮೊದಲೇ ಹುಡುಕಿಸಿದ್ದೇವಲ್ಲ, ಎಕ್ಸಿಟ್ ಕೋಡ್ ಯಾಕೆ ಎಂದು ಅವನು ಕೇಳಬಹುದು. ಸೆವೆನ್-ಜಿಪ್ ಫೋಲ್ಡರ್‌ನಲ್ಲಿ ಏನಿದೆ ಎಂದು ನೋಡಿಕೊಂಡದ್ದಕ್ಕೂ ಒಂದೊಂದನ್ನು ಓದಿ ಕಟ್ಟುವುದಕ್ಕೂ ನಡುವೆ ಹೊತ್ತು ಹೋಗುತ್ತದೆ, ಅಷ್ಟರಲ್ಲಿ ಫೈಲ್ ಹೋಗಬಹುದು. ಇದ್ದೂ ಓದಲಾಗದ ಫೈಲನ್ನು 'ಇಫ್ ನಾಟ್ ಎಕ್ಸಿಸ್ಟ್' ಹಿಡಿಯುವುದೂ ಇಲ್ಲ. ಎರಡೂ ಬೇಕು.

ಕೂಗುವುದು ಎಲ್ಲಿಗೆ ಎಂಬುದನ್ನೂ ತೀರ್ಮಾನಿಸಿ. ಲಾಗ್ ಫೈಲನ್ನು ದಿನಾ ಯಾರೂ ತೆರೆಯುವುದಿಲ್ಲ, ನಾನೂ ತೆರೆಯುವುದಿಲ್ಲ. ಇರಲೇಬೇಕಾದ ಫೈಲ್ ಸಿಗದ ದಿನ ಆರ್ಕೈವ್‌ನ ಹೆಸರಿನ ಮುಂದೆಯೇ 'ಅಪೂರ್ಣ' ಎಂದು ಸೇರುವಂತೆ ಮಾಡಿಸಿ, ಮತ್ತು ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಲಾಗ್ ತಾನಾಗಿ ಪರದೆಯ ಮೇಲೆ ತೆರೆದುಕೊಳ್ಳುವಂತೆ ಸ್ಟಾರ್ಟಪ್‌ನಲ್ಲಿ ಇಡಿಸಿ. ಸರಿಯಿದ್ದ ದಿನ ಏನೂ ತೆರೆಯಬಾರದು.

ಕಟ್ಟಿದ ಮೇಲೆ ಮೂಲ ಫೈಲ್ ಅಳಿಸುವ ಸ್ವಿಚ್‌ಗಳಿವೆ, ಸೆವೆನ್-ಜಿಪ್‌ನಲ್ಲಿ 'ಎಸ್‌ಡೆಲ್', ಟಾರ್‌ನಲ್ಲಿ 'ರಿಮೂವ್-ಫೈಲ್ಸ್', ಜಿಪ್‌ನಲ್ಲಿ ಚಿಕ್ಕ 'ಎಂ'. ಡಿಸ್ಕ್ ತುಂಬಿದೆ ಎಂದು ಯಾರಾದರೂ ಸೂಚಿಸಿದರೆ ಖಡಾಖಂಡಿತವಾಗಿ ಬೇಡ ಎನ್ನಿ. ಅಳಿಸುವ ಕೆಲಸ ಬೇರೆ ದಿನ, ಬೇರೆ ಕಂಪ್ಯೂಟರಿನಲ್ಲಿ ಆರ್ಕೈವ್ ಬಿಚ್ಚಿ ಲೆಡ್ಜರ್ ತೆರೆದು ಕೊನೆಯ ಎಂಟ್ರಿಯ ತಾರೀಕು ನೋಡಿದ ಮೇಲೆ. ಹಾಗೆ ಬಿಚ್ಚಿ ನೋಡುವುದನ್ನು ತಿಂಗಳಿಗೊಮ್ಮೆ ಮಾಡಿ, ಏಪ್ರಿಲ್ ಮೊದಲ ವಾರ ತಪ್ಪದೆ ಮಾಡಿ. ಹೊಸ ಹಣಕಾಸು ವರ್ಷಕ್ಕೆ ಹೆಸರು, ಫೋಲ್ಡರ್ ಎಲ್ಲ ಬದಲಾಗುವುದು ಆಗಲೇ.

ಹೋದ ಲೆಡ್ಜರ್

ಡಿಸ್ಕ್ ಸತ್ತಿದೆ ಎಂದು ಬಿಸಾಡಿಲ್ಲ ತಾನೇ? ತಿರುಗುವ ಹಳೇ ಮಾದರಿಯ ಹಾರ್ಡ್ ಡಿಸ್ಕ್ ಆಗಿದ್ದರೆ ಸಿಡಿಲಿನ ಏಟು ಹಲವು ಸಲ ಕೆಳಗಿನ ಹಸಿರು ಸರ್ಕ್ಯೂಟ್ ಬೋರ್ಡ್‌ಗೆ ಮಾತ್ರ ಬಿದ್ದು, ಒಳಗಿನ ತಟ್ಟೆಗಳು ಚೆನ್ನಾಗೇ ಇರುತ್ತವೆ. ಡೇಟಾ ರಿಕವರಿ ಮಾಡುವವರು ಬೋರ್ಡ್ ಸರಿಮಾಡಿ ಓದಬಲ್ಲರು. ಖರ್ಚು ಇದೆ, ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಕೊಡಲಾರೆ. ಅದೇ ಮಾದರಿಯ ಬೇರೆ ಡಿಸ್ಕಿನ ಬೋರ್ಡ್ ತೆಗೆದು ಹಾಕಿ ನೋಡೋಣ ಎನ್ನುವವರ ಕೈಗೆ ಮಾತ್ರ ಕೊಡಬೇಡಿ. ಈಗಿನ ಡಿಸ್ಕ್‌ಗಳಲ್ಲಿ ಆ ಬೋರ್ಡ್ ಮೇಲೆ ಆಯಾ ಡಿಸ್ಕಿನದೇ ಹೊಂದಾಣಿಕೆಯ ಮಾಹಿತಿ ಇರುತ್ತದೆ. ಮತ್ತೆ ಮತ್ತೆ ಕರೆಂಟ್ ಕೊಟ್ಟು ಪರೀಕ್ಷಿಸಲೂಬೇಡಿ. ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ.

ಅಷ್ಟರೊಳಗೆ ಇನ್ನೊಂದು ಕಡೆಯಿಂದ ಹುಡುಕಿ. ಏಪ್ರಿಲ್, ಮೇ ತಿಂಗಳಲ್ಲಿ ಆಡಳಿತ ಮಂಡಳಿ ಸಭೆಗೆ, ಬ್ಯಾಂಕಿಗೆ, ಆಡಿಟರ್‌ಗೆ ಲೆಡ್ಜರ್ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಹೋಗಿತ್ತೇ? ಕಳಿಸಿದವರ 'ಸೆಂಟ್' ಫೋಲ್ಡರ್, ಪಡೆದವರ 'ಡೌನ್‌ಲೋಡ್ಸ್' ನೋಡಿಸಿ. ಹೊಸ ಹೆಸರಿನ ಫೈಲ್ ಎಂಬುದು ನೆನಪಿರಲಿ, ಹಳೇ ಹೆಸರು ಹಾಕಿ ಹುಡುಕಿದರೆ ಇಲ್ಲೂ ಮಾರ್ಚ್‌ನದ್ದೇ ಸಿಗುತ್ತದೆ. ಮೇ ಕೊನೆಯ ಒಂದು ಪ್ರತಿ ಸಿಕ್ಕರೂ ಮತ್ತೆ ಬರೆಯಬೇಕಾದ್ದು ಜೂನ್‌ನ ದಿನಗಳಷ್ಟೇ.

ಏನೂ ಸಿಗದಿದ್ದರೆ ಮಾರ್ಚ್ 31ರ ಪ್ರತಿಯನ್ನೇ ಆರಂಭದ ಶಿಲ್ಕಾಗಿ ಇಟ್ಟುಕೊಂಡು ರಶೀದಿ ಪುಸ್ತಕದ ಕಾರ್ಬನ್ ಪ್ರತಿ, ವೋಚರ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ತಾರೀಕುವಾರು ಮತ್ತೆ ಎಂಟ್ರಿ ಮಾಡಬೇಕು. ಸಾಲದ ರಿಜಿಸ್ಟರ್ ಬ್ಯಾಕಪ್‌ನಲ್ಲಿ ಜೂನ್‌ವರೆಗೂ ಸರಿಯಾಗಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ, ತಾಳೆ ನೋಡಲು ಅದೇ ಆಧಾರ. ಯಾವ ಎಂಟ್ರಿಗಳು ಮರುಬರೆದವು ಎಂಬುದಕ್ಕೆ ಲೆಡ್ಜರ್‌ನಲ್ಲೇ ಒಂದು ಕಾಲಂ ಇಡಿ. ನಡೆದದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಆಡಿಟರ್ ಬಂದು ಕೇಳುವ ಮೊದಲೇ ಅವರಿಗೆ ಪತ್ರ ಕೊಡಿ. ಕಾರ್ಯದರ್ಶಿಯವರು ಒಪ್ಪಿದರೆ ಬ್ಯಾಚ್ ಫೈಲನ್ನು ನನಗೆ ಕಳಿಸಿ, ಸದಸ್ಯರ ಹೆಸರು, ಖಾತೆ ಸಂಖ್ಯೆ ಇರುವ ಯಾವುದನ್ನೂ ಕಳಿಸಬೇಡಿ.